ನಂದೂ ಒಂದು ಪಾಳಿ ಅದ

ಹೋದ ವಾರ ನಮ್ಮ ಕಾಕು ಫೋನ್ ಮಾಡಿ ಕೇಳಿದ್ರು, "ಏನ ನಿಂದು? ಎರಡು ಮಕ್ಕಳ ತಾಯಿ, ಇನ್ನೂ ಹುಡುಗೂರ ಆಟ ಆಡಕೋತ ಕೂಡ್ತೀಯಂತ?" ಹೌದ್ರಿ ಕಾಕು, ಕೂಡ್ತೀನಿ. ಯಾಕ ಅಂತ ಎಲ್ಲಾರಿಗೂ ಒಮ್ಮೆ ಹೇಳಿಬಿಡ್ತೀನಿ.

2005ರ ಬ್ಯಾಸಿಗಿ ಸೂಟ್ಯಾಗ ಮಾಮಾ ಅಮೇರಿಕಾದಿಂದ ಗೇಮ್ ಬಾಯ್ ತಂದಿದ್ದ. ಅದರಾಗ ಪೋಕೆಮಾನ್ ಫೈರ್‌ರೆಡ್. ಜಪಾನಿನ್ಯಾಗ 1996ರಾಗ ಬಂದ ಮೊದಲನೇ ಆಟಾನ 2004ರಾಗ ಹೊಸದಾಗಿ ಮಾಡಿದ್ದು. ಆ ಮೊದಲನೇ ಆಟದಾಗ ಆಡಾವ್ರು ಹುಡುಗನೇ ಆಗಬೇಕಿತ್ತು. ಹುಡುಗಿ ಆಗ್ಲಿಕ್ಕೆ 2000ದಾಗ ಕ್ರಿಸ್ಟಲ್ ಬರೋತನಕ ಕಾಯಬೇಕಾತು. ಫೈರ್‌ರೆಡ್‌ನ್ಯಾಗ ಸುರುವಿಗೇ ಕೇಳ್ತಾರ, ನೀ ಹುಡುಗನೋ ಹುಡುಗಿಯೋ ಅಂತ. ಮನ್ಯಾಗ ಮಾತ್ರ ಯಾರೂ ಕೇಳಲಿಲ್ಲ. ಅಣ್ಣ ಊಟಕ್ಕ ಎದ್ದಾಗಷ್ಟೇ ನನ್ನ ಪಾಳಿ. ಆವಾಗೂ "ಮೊದಲ ತಾಟು ಇಡು" ಅಂತಿದ್ರು.

ಆ ಕಾರ್ಟ್ರಿಜ್‌ನ್ಯಾಗ ಒಬ್ಬರ ಆಟ ಮಾತ್ರ ಸೇವ್ ಆಗ್ತದ. ಅಣ್ಣ ಪೂರ್ತಿ ಮುಗಿಸಿದ ಮ್ಯಾಲ ನಾ ಸುರು ಮಾಡಿದೆ. ಬಲ್ಬಸಾರ್ ತೊಗೊಂಡು ನಾಕು ಬ್ಯಾಡ್ಜ್ ಗೆದ್ದೆ. ಒಂದು ಮುಂಜಾನೆ ನೋಡಿದ್ರ ಅಣ್ಣ ಮತ್ತ ಹೊಸದಾಗಿ ಸುರು ಮಾಡಿ ಸೇವ್ ಮಾಡಿದ್ದ. ನಂದು ಅಳಿಸಿ ಹೋಗಿತ್ತು. "ಹೋಗ್ಲಿ ಬಿಡು, ಆಟ ಏನು ದೊಡ್ಡದು" ಅಂದ್ರು. ಆಟ ದೊಡ್ಡದಲ್ಲರಿ. ಹುಡುಗೀದು ಅಳಿಸಿದ್ರ ನಡೀತದ ಅನ್ನೋದು ದೊಡ್ಡದು.

ಮೊನ್ನೆ ತವರುಮನಿ ಟ್ರಂಕಿನ್ಯಾಗ ಅದು ಸಿಕ್ತು. ಎರಡು ಸೆಲ್ ಹಾಕಿದೆ, ಚಾಲೂ ಆತು. ಇದು ಪಾಳಿ ಆಟ, ನಮ್ಮ ಚೌಕಾಬಾರಾ ಇದ್ದಂಗ. ಹೊಡಿಯೋದೋ, ಚೀಲದಾಗಿಂದ ಔಷಧ ತಗಿಯೋದೋ, ಓಡಿ ಹೋಗೋದೋ, ನೀವು ಗುಂಡಿ ಒತ್ತೋತನಕ ಎದರಿನಾವ ಸುಮ್ಮನ ನಿಂತಿರ್ತಾನ. ಹಾಲು ಉಕ್ಕಲಿಕ್ಕೆ ಬಂತೇನು, ಎದ್ದು ಹೋಗ್ರಿ. ವಾಪಸ್ ಬಂದ್ರ ಆಟ ಅಲ್ಲೇ ಅದ. ನಮಗ ಅಂತ ಹಿಂಗ ಕಾಯೋದು ಮನ್ಯಾಗ ಇನ್ನೇನು ಅದ ಹೇಳ್ರಿ? ಬಿಸಿ ಭಕ್ರಿ ಎಲ್ಲಾರ ತಾಟಿಗೂ ಹೋಗಿ ನಮ್ಮ ತಾಟಿಗೆ ಬರೋದ್ರಾಗ ತಣ್ಣಗಾಗಿರ್ತದ.

ವ್ಯಾಳ್ಯಾ ಹಾಳು ಅಂತೀರಿ. ನಿಮ್ಮ ಸೀರಿಯಲ್‌ಗೆ ಕಡೀನೇ ಇಲ್ಲ. ಈಗಿನ ಫೋನಿನ ಆಟ ಹೆಜ್ಜಿಗೊಮ್ಮೆ ರೊಕ್ಕ ಕೇಳ್ತಾವ. ಇದಕ್ಕ ಕಡೀ ಅದ: ಎಂಟು ಬ್ಯಾಡ್ಜ್, ಆಮ್ಯಾಲ ನಾಕು ಘಟಾನುಘಟಿಗಳು, ಆಮ್ಯಾಲ ಚಾಂಪಿಯನ್. ಊಟಾ ನಿದ್ದಿ ಬಿಟ್ಟು ಕೂತಾವ್ರಿಗೆ ಬಯ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಪಂಚಮಿಗೆ ಕವಡಿ ಹಾಕಿದ್ರ ಸಂಪ್ರದಾಯ, ಗುಂಡಿ ಒತ್ತಿದ್ರ ಚಟ, ಇದ್ಯಾವ ನ್ಯಾಯ?

ಸಣ್ಣಾಕಿದ್ದಾಗ ಕಾಣದ್ದು ಒಂದು ಈಗ ಕಂಡದ. ಆಟದಾಗ ಒಬ್ಬಾಕಿ ತಾಯಿ ಇದ್ದಾಳ. ಮಗಳು ಊರೂರು ತಿರುಗಿ ದಣದು ಬಂದ್ರ ಅಕೀ ಪೋಕೆಮಾನ್‌ಗಳಿಗೆ ಆರಾಮ ಮಾಡಿ ಕಳಸ್ತಾಳ, ಮತ್ತ ಕುರ್ಚಿ ಮ್ಯಾಲ ಕೂಡ್ತಾಳ. ಕಡೀತನಕ ಅಕೀ ಪಾಳಿ ಬರೂದೇ ಇಲ್ಲ. ನಮ್ಮವ್ವನ ನೆನಪಾಗಿ ಹೊಟ್ಯಾಗ ಕಲಸಿದಂಗಾತು.

ಅದಕ್ಕ ನಮ್ಮನ್ಯಾಗ ಈಗ ಹಿಂಗದ. ಮಗಗ ಅರ್ಧ ತಾಸು, ಮಗಳಿಗೂ ಅರ್ಧ ತಾಸು. ಮಗಳು ಆಡುವಾಗ ನೀರು ತರಾವ ಮಗ. ಮಧ್ಯಾಹ್ನ ಮೂರರಿಂದ ಮೂರೂವರಿ ನನ್ನ ಪಾಳಿ, ಕಾರ್ಟ್ರಿಜ್‌ನ್ಯಾಗಿನ ಸೇವ್ ನಂದು, ಯಾರೂ ಮುಟ್ಟಂಗಿಲ್ಲ. ಕಾಕು, ಆ ಹೊತ್ತಿಗೆ ಮಾತ್ರ ಫೋನ್ ಮಾಡಬ್ಯಾಡ್ರಿ. ಐದನೇ ಬ್ಯಾಡ್ಜಿಗೆ ಹೊಂಟೀನಿ.