ಸಾಲಕ್ಕೆ 'ಸಾಲ್' ಕೇಳಿ

ನಮ್ಮ ಅಕೌಂಟೆನ್ಸಿ ಲೆಕ್ಕಗಳಲ್ಲಿ ಉತ್ತರವನ್ನೇ ಬದಲಿಸುವ ಎರಡು ಅಕ್ಷರಗಳಿವೆ: 'ಪಿ.ಎ.' ಪೂರ್ತಿ ಹೇಳಿದರೆ 'ಪರ್ ಆನಮ್'. ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಮಾತು. 'ಪರ್' ಎಂದರೆ ಪ್ರತಿ, 'ಆನಮ್' ಎಂದರೆ ವರ್ಷ. 'ಪರ್ಸೆಂಟ್' ಕೂಡ ಅಲ್ಲಿಂದಲೇ ಬಂದದ್ದು, ನೂರಕ್ಕೆ ಇಷ್ಟು ಎಂದರ್ಥ. ಉರ್ದುವಿನ 'ಫೀಸದ್' ಹೇಳುವುದೂ ಅದನ್ನೇ. ದಿನದ ಇಂಗ್ಲಿಷಿನಲ್ಲಿ 'ಪರ್ ಇಯರ್' ಸಾಕು. ಬಡ್ಡಿ, ಸಂಬಳ, ಕರಾರುಪತ್ರಗಳಲ್ಲಿ 'ಪರ್ ಆನಮ್' ಹೆಚ್ಚು ಬಳಕೆ.

ಪಾಲುದಾರನೊಬ್ಬ ಅಕ್ಟೋಬರ್ 1ರಂದು 10,000 ರೂಪಾಯಿ ಡ್ರಾಯಿಂಗ್ಸ್ ಮಾಡಿದ ಎನ್ನಿ. ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿಯುತ್ತದೆ. ಬಡ್ಡಿ ಶೇ 10 ಪಿ.ಎ. ಎಂದಿದ್ದರೆ ಆರು ತಿಂಗಳಿಗೆ 500 ರೂಪಾಯಿ. ಪಿ.ಎ. ಇಲ್ಲದೆ ಬರೀ ಶೇ 10 ಎಂದಿದ್ದರೆ, ತಿಂಗಳು ಎಣಿಸದೆ ಪೂರ್ತಿ 1,000 ಹಾಕುತ್ತೇವೆ.

ಪರೀಕ್ಷೆಯಲ್ಲಿ ಇದು ಅಂಕದ ಪ್ರಶ್ನೆ. ಊರಿನಲ್ಲಿ ಸಂಸಾರದ ಪ್ರಶ್ನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಿಯೇ ಕೇಳಿ, ಕೈಸಾಲಕ್ಕೆ 'ಮೂರು ರೂಪಾಯಿ ಬಡ್ಡಿ' ಎಂದರೆ ನೂರಕ್ಕೆ ತಿಂಗಳಿಗೆ ಮೂರು. ಕೇಳಲು ಹಗುರ. ಪರ್ ಆನಮ್ ಮಾಡಿದರೆ ಶೇ 36! ಐದು ರೂಪಾಯಿ ಬಡ್ಡಿಯಾದರೆ ಶೇ 60.

ಈಗ ಕೆಲಸದ ಜಾಹೀರಾತು ನೋಡಿ. '1.8 ಎಲ್‌ಪಿಎ' ಎಂದಿರುತ್ತದೆ. ವರ್ಷಕ್ಕೆ 1.8 ಲಕ್ಷ, ಅಂದರೆ ತಿಂಗಳಿಗೆ 15,000. ದುಡ್ಡು ಕೊಡುವವರು ವರ್ಷದ ಲೆಕ್ಕ ಹೇಳುತ್ತಾರೆ, ದೊಡ್ಡದಾಗಿ ಕಾಣಲಿ ಎಂದು. ವಸೂಲಿ ಮಾಡುವವರು ತಿಂಗಳ ಲೆಕ್ಕ ಹೇಳುತ್ತಾರೆ, ಚಿಕ್ಕದಾಗಿ ಕಾಣಲಿ ಎಂದು.

'ನಮ್ಮ ಜನಕ್ಕೆ ತಿಂಗಳ ಲೆಕ್ಕವೇ ಸುಲಭ' ಎನ್ನುವವರಿದ್ದಾರೆ. ಕಂತು ಕಟ್ಟಲು ಅದು ಸರಿ, ಹೋಲಿಸಲು ಸಾಲದು. 75 ಕೆ.ಜಿ. ಚೀಲದ ಭತ್ತದ ದರವನ್ನೂ ಕ್ವಿಂಟಲ್ ದರವನ್ನೂ ಹಾಗೆಯೇ ಪಕ್ಕಪಕ್ಕ ಇಟ್ಟರೆ ಗಂಗಾವತಿಯ ರೈತ ಒಪ್ಪುತ್ತಾನೆಯೇ? ಬ್ಯಾಂಕಿನ ಬಡ್ಡಿ ವರ್ಷದ್ದು, ಕೈಸಾಲದ ಬಡ್ಡಿ ತಿಂಗಳದ್ದು. ಎರಡನ್ನೂ ಒಂದೇ ಅಳತೆಗೆ ತರಲೇಬೇಕು.

ಪರ್ ಆನಮ್ ಎಂದು ಬರೆದಿದ್ದರೂ ಇನ್ನೊಂದು ಮಾತು ಕೇಳಬೇಕು: ಬಡ್ಡಿ ಯಾವ ಮೊತ್ತದ ಮೇಲೆ? 10,000 ರೂಪಾಯಿಗೆ ಶೇ 12 'ಫ್ಲ್ಯಾಟ್' ಎಂದರೆ 1,200 ಬಡ್ಡಿ ಸೇರಿಸಿ 12 ಕಂತು, ತಿಂಗಳಿಗೆ ಸುಮಾರು 933. ಅಸಲು ತಿಂಗಳು ತಿಂಗಳು ಇಳಿಯುತ್ತದೆ, ಬಡ್ಡಿ ಮಾತ್ರ ಪೂರ್ತಿ 10,000ದ ಮೇಲೆಯೇ ನಿಲ್ಲುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಶೇ 21ಕ್ಕೂ ಹೆಚ್ಚು.

ಇದಕ್ಕಾಗಿಯೇ ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಒಂದು ನಿಯಮ ತಂದಿದೆ. ಬ್ಯಾಂಕುಗಳು ಮತ್ತು ಫೈನಾನ್ಸ್ ಕಂಪನಿಗಳು ವೈಯಕ್ತಿಕ ಸಾಲ ಕೊಡುವಾಗ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಎಂಬ ಹಾಳೆಯಲ್ಲಿ, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಕಿರುಸಾಲದವರ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಆದರೆ ಸಹಿ ಹಾಕುವ ಮೊದಲು ಆ ಹಾಳೆ ಓದುವವರು ಯಾರು?

ನಾವೇ ಓದಬೇಕು. ಸಂಘದ ಸಾಲಕ್ಕೆ ಸಹಿ ಹಾಕುವ ಅಮ್ಮಿ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕನಿಗೆ ಶೇಕಡಾ ಲೆಕ್ಕ ಹೇಳಿಕೊಡಲು ಪಿಯುಸಿ ಕಾಮರ್ಸ್ ಸಾಕು. ನಮ್ಮ ಮನೆಯ ಉರ್ದುವಿನಲ್ಲಿ 'ಸಾಲ್' ಎಂದರೆ ವರ್ಷ. ಕನ್ನಡದಲ್ಲಿ ಸಾಲ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಲ್ಯಾಟಿನ್ ಮರೆತರೂ ಚಿಂತೆಯಿಲ್ಲ ಗೆಳೆಯರೇ, ಯಾರೇ ಸಾಲ ಕೊಡಲು ಬಂದರೂ ಮೊದಲು ಸಾಲ್‌ಗೆ ಎಷ್ಟು ಎಂದು ಕೇಳಿ.