‘ಅವರ ಮನೆ ವಿಷಯ’ ಎಂದು ಸುಮ್ಮನಿರಬೇಡಿ



‘ಪೆಟ್ಟು ತಿಂದವರು ತಾವೇ ಬಂದು ಹೇಳಲಿ, ಆಮೇಲೆ ನೋಡೋಣ’ ಅನ್ನುತ್ತೇವೆ. ಹಾಸಿಗೆ ಹಿಡಿದ ಅಜ್ಜಿ ಎಲ್ಲಿಗೆ ಹೋಗಿ ಹೇಳಬೇಕು? ಅನ್ನ ಕಲಸಿ ಕೊಡುವ ಕೈಯೇ ಹೊಡೆಯುವ ಕೈಯಾದರೆ ಬಾಯಿ ಹೇಗೆ ಬಂದೀತು? ಮರೆವಿನ ಕಾಯಿಲೆಯವರಿಗೆ, ಮಾತು ಬಾರದ ಅಂಗವಿಕಲರಿಗೆ ಹೇಳಲು ಆಗುವುದೇ ಇಲ್ಲ. ದೂರು ಅವರಿಂದಲೇ ಬರಲಿ ಎಂದು ಕಾಯುವುದು ತಪ್ಪು. ಕಂಡವರು ಹೇಳಬೇಕು.

ಏನನ್ನು ಗಮನಿಸಬೇಕು? ವಯಸ್ಸಾದವರ ಚರ್ಮ ತೆಳು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರಿಗೆ ಸ್ವಲ್ಪ ತಾಗಿದರೂ ನೀಲಿಗಟ್ಟುತ್ತದೆ. ಒಂದು ಕಲೆ ಕಂಡ ಕೂಡಲೇ ಸೊಸೆಯ ತಲೆಗೆ ಕಟ್ಟಬೇಡಿ. ಆದರೆ ಎರಡೂ ರಟ್ಟೆಗಳಲ್ಲಿ ಬೆರಳೊತ್ತಿದ ಗುರುತು, ಮಣಿಕಟ್ಟಿನ ಸುತ್ತ ಕಟ್ಟಿದ ಗೆರೆ, ಪದೇ ಪದೇ ‘ಬಚ್ಚಲಲ್ಲಿ ಜಾರಿದರು’ ಎಂಬ ಅದೇ ಉತ್ತರ ಇದ್ದರೆ ಅನುಮಾನಿಸಿ. ಹೊಡೆತವಿಲ್ಲದ ಹಿಂಸೆಯೂ ಉಂಟು: ಮೂತ್ರ ಬಳಿಯುವ ಕೆಲಸ ತಪ್ಪಲೆಂದು ನೀರು ಕೊಡದಿರುವುದು, ಗಲಾಟೆ ಬೇಡವೆಂದು ಹಗಲೆಲ್ಲ ನಿದ್ದೆ ಮಾತ್ರೆ ಹಾಕುವುದು, ಕನ್ನಡಕ, ಕಿವಿಯಂತ್ರ ಎತ್ತಿಡುವುದು. ಮಗ್ಗುಲು ಬದಲಿಸದೆ ಬಿಟ್ಟರೆ ಬೆನ್ನು, ಸೊಂಟದಲ್ಲಿ ಹಾಸಿಗೆ ಹುಣ್ಣಾಗುತ್ತದೆ. ಪಿಂಚಣಿ ಬಂದರೂ ಹಿರಿಯರ ಕೈಗೆ ಕಾಸಿಲ್ಲವೇ? ‘ಊಟ ಆಯಿತಾ?’ ಎಂದರೆ ಉತ್ತರಿಸುವ ಮೊದಲು ನೋಡಿಕೊಳ್ಳುವವರ ಮುಖ ನೋಡುತ್ತಾರೆಯೇ? ಅದೂ ಗುರುತೇ.

ಅನುಮಾನ ಬಂದರೆ ನೋಡಿಕೊಳ್ಳುವವರ ಮುಂದೆ ಜಗಳ ತೆಗೆಯಬೇಡಿ. ನೀವು ಮನೆಗೆ ಹೋದಮೇಲೆ ಅದರ ಸೇಡು ಅಜ್ಜಿಯ ಮೇಲೆ. ಅಜ್ಜಿಯೊಬ್ಬರನ್ನೇ ಮಾತಾಡಿಸಿ. ಕಂಡದ್ದನ್ನು ದಿನಾಂಕ ಹಾಕಿ ಬರೆದಿಡಿ. ಪ್ರಾಣಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಉಳಿದಂತೆ ಹಿರಿಯರ ಸಹಾಯವಾಣಿ 14567, ಕರೆ ಉಚಿತ. ಅಂಗವಿಕಲರ ಮೇಲೆ ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು. ನಮ್ಮಲ್ಲಿ ಅವರು ತಾಲ್ಲೂಕಿನ ತಹಶೀಲ್ದಾರರು. ತಿಳಿಸುವವರು ರಕ್ತಸಂಬಂಧಿಯೇ ಆಗಿರಬೇಕೆಂದಿಲ್ಲ.

60 ದಾಟಿದವರನ್ನು ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೀವನಾಂಶದ ಅರ್ಜಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಹಿರಿಯರೇ, ಮಕ್ಕಳ ಹೆಸರಿಗೆ ದಾನಪತ್ರ ಮಾಡುವುದಾದರೆ ‘ನನ್ನನ್ನು ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತನ್ನು ಅದರಲ್ಲೇ ಬರೆಸಿ. ಷರತ್ತು ಮುರಿದರೆ ಆ ದಾನವನ್ನು ರದ್ದುಗೊಳಿಸಲು ಕೇಳಬಹುದು. ನಾಚಿಕೊಂಡು ಬಿಟ್ಟ ಆ ಒಂದು ಸಾಲಿಗಾಗಿ ಆಮೇಲೆ ಅಲೆಯಬೇಕಾಗುತ್ತದೆ.

ಹಗಲಿರುಳು ಒಬ್ಬಳೇ ಚಾಕರಿ ಮಾಡಿ ಸೋತ ಮಗಳು, ಸೊಸೆಯ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಬೆಂಗಳೂರಿಂದ ಫೋನಿನಲ್ಲೇ ವಿಚಾರಿಸುವ ಅಣ್ಣತಮ್ಮಂದಿರು ವಾರಕ್ಕೆರಡು ದಿನ ಬಂದು ಅವಳನ್ನು ಬಿಡಿಸಲಿ. ಆದರೆ ದಣಿವು ಕೈ ಎತ್ತಲು ಪರವಾನಗಿಯಲ್ಲ.

ಇನ್ನು ಆಶ್ರಮಗಳ ಮಾತು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಕಾನೂನಿದೆ ಎಂದು ನಂಬಿ ಕೂರದೆ, ಹಿರಿಯರನ್ನು ಆಶ್ರಮಕ್ಕೆ ಸೇರಿಸುವ ಮೊದಲು ಹೇಳದೆ ಕೇಳದೆ ಹೋಗಿ. ಬಚ್ಚಲು, ಅಡುಗೆಮನೆ, ಮಹಡಿಯ ಕೋಣೆ ನೋಡಿ. ಆಫೀಸಿನಲ್ಲೇ ಕಾಫಿ ಕೊಟ್ಟು ಕಳಿಸುವ ಆಶ್ರಮಕ್ಕೆ ನಿಮ್ಮ ಅಪ್ಪನನ್ನು ಸೇರಿಸಬೇಡಿ.