ಎಣ್ಣೆ ಹಚ್ಚೋಣ, ಮಾತ್ರೆ ನಿಲ್ಲಿಸುವುದು ಬೇಡ

ಪಾರ್ಶ್ವವಾಯು ಬಡಿದು ಕೈಕಾಲು ಸೆಟೆದುಕೊಂಡವರ ಮನೆಯವರು ಉಡುಪಿಯ ನನ್ನ ಕ್ಲಿನಿಕ್ಕಿಗೆ ಬಂದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಮಣಿಪಾಲದಲ್ಲಿ ಬರೆದುಕೊಟ್ಟ ಮಾತ್ರೆ ಬಿಟ್ಟು ನಿಮ್ಮ ಎಣ್ಣೆ ಶುರು ಮಾಡಬಹುದಲ್ಲ?" ಎಣ್ಣೆ ಕೊಡುತ್ತೇನೆ. ಮಾತ್ರೆ ಬಿಡುವುದಕ್ಕೆ ಮಾತ್ರ ನಾನು ಒಪ್ಪುವವನಲ್ಲ.

ಕಾಪು ಕಡೆಯ ಹಿರಿಯರೊಬ್ಬರು ರಮಝಾನ್ ಉಪವಾಸಕ್ಕಾಗಿ ಬ್ಯಾಕ್ಲೋಫೆನ್ ಮಾತ್ರೆಯನ್ನು ಯಾರಿಗೂ ಹೇಳದೆ ನಿಲ್ಲಿಸಿದ್ದರು. ಮೂರನೆಯ ದಿನ ವಿಪರೀತ ಜ್ವರ, ಮೈಯೆಲ್ಲ ಬಿಗಿತ, ಕೋಣೆಯಲ್ಲಿ ಇಲ್ಲದವರೊಡನೆ ಮಾತು. ಮನೆಯವರು ಜಿನ್ನ್ ಬಾಧೆಯೆಂದು ಹೆದರಿದ್ದರು. ಅದು ಮಾತ್ರೆ ಹಠಾತ್ತನೆ ನಿಂತದ್ದರ ಪರಿಣಾಮ. ಹೀಗಾದಾಗ ಅಪಸ್ಮಾರದಂತಹ ಸೆಳೆತ ಬಂದು ಜೀವಕ್ಕೇ ಸಂಚಕಾರವಾಗಬಹುದು. ತಕ್ಷಣ ಆಸ್ಪತ್ರೆಗೆ ಕಳುಹಿಸಿದೆ, ಅಲ್‌ಹಮ್ದುಲಿಲ್ಲಾಹ್, ಚೇತರಿಸಿಕೊಂಡರು.

ಬ್ಯಾಕ್ಲೋಫೆನ್ ಬೆನ್ನುಹುರಿಯಲ್ಲಿ ನರಗಳ ಅತಿಯಾದ ಉದ್ರೇಕವನ್ನು ತಗ್ಗಿಸುತ್ತದೆ. ಸಾಮಾನ್ಯವಾಗಿ ದಿನಕ್ಕೆ ಮೂರು ಬಾರಿ, 5 ಮಿ.ಗ್ರಾಂನಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಇಳಿಸುವುದೂ ಹಾಗೆಯೇ, ಮೆಟ್ಟಿಲು ಮೆಟ್ಟಿಲಾಗಿ. ಸಹರಿ ಮತ್ತು ಇಫ್ತಾರಿಗೆ ನೀವೇ ಹಂಚಿಕೊಳ್ಳಬೇಡಿ. ಶಅಬಾನ್ ತಿಂಗಳಲ್ಲೇ ನರರೋಗ ವೈದ್ಯರನ್ನು ಕಂಡು ಕೇಳಿ. ಉಪವಾಸ ಬೇಡವೆಂದರೆ ಸಂಕಟಪಡಬೇಡಿ. ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿ ಅಲ್ ಬಕರ ಅಧ್ಯಾಯದ 184 ಮತ್ತು 185ನೇ ಸೂಕ್ತಗಳಲ್ಲಿದೆ. ಕಿಡ್ನಿ ತೊಂದರೆ ಇರುವವರು ಅದನ್ನು ಮೊದಲೇ ಹೇಳಬೇಕು, ಈ ಔಷಧಿ ಹೊರಹೋಗುವುದು ಹೆಚ್ಚಾಗಿ ಮೂತ್ರದ ದಾರಿಯಲ್ಲಿ.

ಇನ್ನೊಂದು ವಿಷಯ. ಇದ್ದಕ್ಕಿದ್ದಂತೆ ಬಿಗಿತ ಹೆಚ್ಚಿದರೆ ಮಾತ್ರೆ ಸಾಲದಾಯಿತೆಂದು ತಿಳಿಯಬೇಡಿ. ಮಲಬದ್ಧತೆ, ಬೆನ್ನಿನ ಹಾಸಿಗೆ ಹುಣ್ಣು, ಕಾಲ್ಬೆರಳ ಮಾಂಸಕ್ಕೆ ಚುಚ್ಚಿದ ಉಗುರು, ಮೂತ್ರದ ಸೋಂಕು, ಇವನ್ನು ಮೊದಲು ನೋಡಿ. ಕಾರ್ಕಳದ ಒಂದು ಮನೆಯಲ್ಲಿ ಸೋಂಕಿಗೆಂದು ಮೆಡಿಕಲ್‌ನಿಂದ ಸಿಪ್ರೊಫ್ಲೊಕ್ಸಾಸಿನ್ ತಂದಿಟ್ಟಿದ್ದರು. ರೋಗಿ ತೆಗೆದುಕೊಳ್ಳುತ್ತಿದ್ದದ್ದು ಟಿಜಾನಿಡಿನ್. ಇವೆರಡು ಸೇರಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ಪುಣ್ಯಕ್ಕೆ ಚೀಟಿಗಳನ್ನು ನನಗೆ ತೋರಿಸಿದರು.

ಬಿಗಿತವೆಲ್ಲ ಶತ್ರುವೂ ಅಲ್ಲ. ಬಲವಿಲ್ಲದ ಕಾಲು ಎಷ್ಟೋ ಸಲ ಆ ಬಿಗಿತದ ಆಧಾರದಲ್ಲೇ ನಿಂತಿರುತ್ತದೆ. ಮಾತ್ರೆ ಅತಿಯಾದರೆ ನಡೆಯುತ್ತಿದ್ದವರೂ ಕುಸಿದು ಬೀಳುತ್ತಾರೆ.

ಫಾಲಿಜ್ ಮತ್ತು ತಶನ್ನುಜ್‌ಗೆ ನಮ್ಮ ಯುನಾನಿಯಲ್ಲಿ ದಲ್ಕ್, ಅಂದರೆ ಮಾಲೀಸು, ಹಿಂದಿನಿಂದಲೂ ಇದೆ. ಮಾಲೀಸು ಮಾಡಿ ಕೀಲುಗಳನ್ನು ಮೆಲ್ಲಗೆ ಆಡಿಸಿದರೆ ರೋಗಿಗೆ ಹಾಯೆನಿಸುತ್ತದೆ. ಅದು ಮಾತ್ರೆಯ ಜೊತೆಗೆ, ಫಿಸಿಯೋಥೆರಪಿಯ ಜೊತೆಗೆ. ಎಣ್ಣೆ ಉಗುರುಬೆಚ್ಚಗಿರಲಿ, ಬಿಸಿಯನ್ನು ನಿಮ್ಮ ಕೈಯಲ್ಲೇ ಪರೀಕ್ಷಿಸಿ. ಸ್ಪರ್ಶ ತಿಳಿಯದ ಕಾಲಿನ ಮೇಲೆ ಬೊಬ್ಬೆಗಳೆದ್ದದ್ದನ್ನು ನಾನು ನೋಡಿದ್ದೇನೆ.